ಉಪ್ಪುನೀರಿನ ಮೀನುತೊಟ್ಟಿಯ ‘ಫಿಲ್ಟರೇಷನ್’: ಸೋಸುವಿಕೆಯೋ, ಶೋಧನೆಯೋ?

ಗೆಳೆಯರೆ,

ಮನೆಯಲ್ಲಿ ದೊಡ್ಡ ಉಪ್ಪುನೀರಿನ ಮೀನುತೊಟ್ಟಿ ಇಡಲು ಹೊರಟವರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ಮೊದಲ ಅಧ್ಯಾಯವೇ ‘ಫಿಲ್ಟರೇಷನ್’. ಅದಕ್ಕೆ ‘ಸೋಸುವಿಕೆ’ ಎಂದು ಬರೆದೊಡನೆ ಓದುವವರ ಮನಸ್ಸಿಗೆ ಬರುವುದು ಬಟ್ಟೆ ಅಥವಾ ಜಾಲರಿ. ದೊಡ್ಡದೊಂದು ಜಾಲರಿ ತಂದರೆ ಕೆಲಸ ಮುಗಿಯಿತು ಎಂಬ ಭಾವನೆ ಅಲ್ಲಿಂದಲೇ ಹುಟ್ಟುತ್ತದೆ, ತೊಟ್ಟಿಯ ಯೋಜನೆ ಹಾದಿ ತಪ್ಪುವುದೂ ಅಲ್ಲಿಯೇ.

ಮೀನು ಹೊರಬಿಡುವ ಅಮೋನಿಯ ನೀರಿನಲ್ಲಿ ಕರಗಿರುತ್ತದೆ. ಎಷ್ಟು ಒತ್ತಾಗಿ ನೇಯ್ದ ಬಟ್ಟೆಗೂ ಅದು ಸಿಗುವುದಿಲ್ಲ. ಕಲ್ಲಿನ ಮೇಲೂ ಮರಳಿನಲ್ಲೂ ನೆಲೆಸಿದ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಇಷ್ಟಾದರೂ ನೀರಿನಿಂದ ಏನೂ ಹೊರಹೋಗಿಲ್ಲ. ಕಡು ವಿಷವಾಗಿದ್ದದ್ದು ಅಷ್ಟು ವಿಷವಲ್ಲದ್ದಾಗಿದೆ, ಅಷ್ಟೆ. ನಿಜವಾಗಿ ಸೋಸುವ ಚೀಲದ ಕತೆಯನ್ನೇ ನೋಡಿ: ಅದರಲ್ಲಿ ಸಿಕ್ಕಿಬಿದ್ದ ಕಸದ ಮೂಲಕ ನೀರು ಹರಿಯುತ್ತಲೇ ಇರುತ್ತದೆ. ಚೀಲವನ್ನು ಆಗಾಗ ತೊಳೆಯದಿದ್ದರೆ ಕಸ ಅಲ್ಲಿಯೇ ಕೊಳೆತು ಮತ್ತೆ ಅಮೋನಿಯವಾಗುತ್ತದೆ. ಹೀಗೆ ತಡೆಹಿಡಿಯುವುದು, ಮಾರ್ಪಡಿಸುವುದು, ಹೊರಹಾಕುವುದು ಬೇರೆ ಬೇರೆ ಕೆಲಸಗಳು, ಮೂರಕ್ಕೂ ಪ್ರತ್ಯೇಕ ಏರ್ಪಾಡು ಬೇಕು.

ಆದ್ದರಿಂದ ಮೂರನ್ನೂ ಒಳಗೊಳ್ಳುವ ಪದವಾಗಿ ‘ಶೋಧನೆ’ಯನ್ನು ಇಟ್ಟುಕೊಂಡು, ‘ಸೋಸುವಿಕೆ’ಯನ್ನು ಚೀಲ ಮತ್ತು ಸ್ಪಂಜಿಗಷ್ಟೇ ಮೀಸಲಿಡಬೇಕೆಂದು ನನಗೆ ಅನ್ನಿಸಿದೆ. ಶೋಧನೆ ಎಂದರೆ ಹುಡುಕುವುದು ಎಂಬ ಅರ್ಥವೇ ಈಗ ಮುಂದಾಗಿದೆ, ನಿಜ. ಆದರೆ ಪದದ ಬೇರಿನಲ್ಲಿರುವುದು ಶುದ್ಧಿ, ಅದು ಹೇಗೆ ಆಗಬೇಕೆಂಬ ಕಟ್ಟುಪಾಡು ಅದರಲ್ಲಿಲ್ಲ. ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೇ?

ಎರಡನೆಯ ತೊಡಕು ‘ಪ್ರೋಟೀನ್ ಸ್ಕಿಮ್ಮರ್’. ‘ಕೆನೆ ತೆಗೆಯುವ ಯಂತ್ರ’ ಎಂಬ ಸಲಹೆ ಬಂದಿತ್ತು. ಕೆನೆ ತಾನಾಗಿಯೇ ಮೇಲೆ ಕಟ್ಟುತ್ತದೆ, ನಾವು ಎತ್ತಿದರೆ ಸಾಕು. ಇಲ್ಲಿ ಹಾಗಲ್ಲ. ಉದ್ದನೆಯ ಕೊಳವೆಯಲ್ಲಿ ಸಣ್ಣ ಗುಳ್ಳೆಗಳನ್ನು ಒತ್ತೊತ್ತಾಗಿ ಹಾಯಿಸುತ್ತಾರೆ. ನೀರಿನಲ್ಲಿ ಕರಗಿರುವ ಸಾವಯವ ಅಣುಗಳಲ್ಲಿ ಹಲವು ಗುಳ್ಳೆಯ ಮೈಗೆ, ಅಂದರೆ ಗಾಳಿಯೂ ನೀರೂ ಕೂಡುವ ಅಂಚಿಗೆ, ಅಂಟಿಕೊಂಡು ಮೇಲೇರುತ್ತವೆ. ಮೇಲೆ ನೊರೆ ಗಟ್ಟಿಯಾಗಿ ಬಟ್ಟಲಿಗೆ ತುಳುಕುತ್ತದೆ, ಆ ಕಂದು ದ್ರವವನ್ನು ಹೊರಗೆ ಚೆಲ್ಲುತ್ತೇವೆ. ಉಪ್ಪುನೀರಿನಲ್ಲಿ ಗುಳ್ಳೆಗಳು ಒಂದರೊಳಗೊಂದು ಬೆರೆಯದೆ ಸಣ್ಣದಾಗಿಯೇ ಉಳಿಯುವುದರಿಂದ ಈ ಉಪಾಯ ಫಲಿಸುತ್ತದೆ. ಸಿಹಿನೀರಿನ ತೊಟ್ಟಿಯಲ್ಲಿ ಹೀಗೆ ನಡೆಯುವುದಿಲ್ಲ. ಕೊಳೆಯನ್ನು ಕೊಳೆಯುವ ಮೊದಲೇ ಹೊರಹಾಕುವ ಸಾಧನ ಇದು, ಅದೇ ಇದರ ಹೆಚ್ಚುಗಾರಿಕೆ. ನಾನು ‘ನೊರೆಶೋಧಕ’ ಎಂದು ಬರೆಯುತ್ತಿದ್ದೇನೆ. ಇದು ಅರಿಸಮಾಸ (ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು) ಎಂದು ಆಕ್ಷೇಪಿಸುವವರಿಗೆ ‘ನೊರೆಗಳೆಕ’ ಒಪ್ಪಿಗೆಯಾದೀತೇ? ನನ್ನ ಕಿವಿಗೆ ಅದು ಹಿಡಿಸಿಲ್ಲ.

‘ಸಂಪ್’ ಅಂತೂ ಇನ್ನೂ ಕಠಿಣ. ಕನ್ನಡದಲ್ಲಿ ಸಂಪು ಎಂದರೆ ನೆಲದಡಿಯ ನೀರಿನ ಸಂಗ್ರಹ ಎಂದಾಗಿಬಿಟ್ಟಿದೆ. ಮೀನುತೊಟ್ಟಿಯ ಕೆಳಗೆ ಪೀಠದೊಳಗಿರುವ, ಉಪಕರಣಗಳನ್ನೆಲ್ಲ ಇಡುವ ಎರಡನೆಯ ತೊಟ್ಟಿಗೆ ‘ಅಡಿತೊಟ್ಟಿ’ ಎನ್ನೋಣ. ಅದರ ವಿಭಾಗಗಳಿಗೆ ‘ಅಂಕಣ’ ಚೆನ್ನಾಗಿ ಒಪ್ಪುತ್ತದೆ. ಮೇಲಿನ ತೊಟ್ಟಿಯಿಂದ ನೀರು ಉಕ್ಕಿ ಇಳಿಯುವ ಅಂಚಿಗೆ ಹೊಸ ಪದ ಹುಡುಕಲೇಬೇಕಿಲ್ಲ; ಕೆರೆಗಿರುವ ‘ಕೋಡಿ’ಯೇ ಇದೆ! ಆ ಪದ ಬಳಸಿದ ಮೇಲೆ ವಿವರಣೆಯೇ ಹಗುರವಾಯಿತು. ಮೇಲಿನ ನೀರಿನ ಮಟ್ಟವನ್ನು ಕಾಯುವುದು ಕೋಡಿ, ಹಾಗಾಗಿ ಆವಿಯಾಗಿ ಹೋದ ನೀರಿನ ಕೊರತೆ ಕಾಣುವುದು ಅಡಿತೊಟ್ಟಿಯಲ್ಲಿ, ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ಪಂಪ್ ಇರುವ ಅಂಕಣದಲ್ಲಿ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಅಲ್ಲಿಗೆ ಸಿಹಿನೀರನ್ನೇ ತುಂಬಬೇಕು. ವಿದ್ಯುತ್ ಹೋಗಿ ಪಂಪ್ ನಿಂತರೆ ಕೋಡಿಯ ಮಟ್ಟಕ್ಕಿಂತ ಮೇಲಿನ ನೀರೆಲ್ಲ ಕೆಳಗೆ ಬರುತ್ತದೆ. 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ತೊಟ್ಟಿಯಲ್ಲಿ ಮಟ್ಟ 3 ಸೆಂ.ಮೀ. ಇಳಿದರೆ ಸುಮಾರು 32 ಲೀಟರ್ ಆಯಿತು. ಕೊಳವೆಗಳಲ್ಲಿರುವ ನೀರು ಬೇರೆ. ಮೇಲಕ್ಕೆ ನೀರು ಒಯ್ಯುವ ಕೊಳವೆಯ ಬಾಯಿ ಆಳದಲ್ಲಿದ್ದರೆ ಅದು ಕೋಡಿಯ ಕೆಳಗಿನ ನೀರನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇಷ್ಟಕ್ಕೂ ಅಡಿತೊಟ್ಟಿಯಲ್ಲಿ ಖಾಲಿ ಜಾಗ ಮೊದಲೇ ಬಿಟ್ಟಿರಬೇಕು, ಇಲ್ಲವಾದರೆ ನೀರು ನೆಲಕ್ಕೆ.

ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯ ನೆಲೆಯೂರುವವರೆಗೆ ಕಾಯುವುದಕ್ಕೆ ‘ಸೈಕ್ಲಿಂಗ್’ ಎನ್ನುತ್ತಾರೆ, ಹಲವು ವಾರ ಹಿಡಿಯುತ್ತದೆ. ‘ತೊಟ್ಟಿ ಹದಕ್ಕೆ ಬರುವುದು’ ಎಂದು ಬರೆದಿದ್ದೇನೆ, ಇದರಲ್ಲಿ ನನಗೆ ಅನುಮಾನವಿಲ್ಲ. ಬ್ಯಾಕ್ಟೀರಿಯ ಮೊದಲಾದ ಸಣ್ಣ ಜೀವಿಗಳು ನೆಲೆಸಿದ, ತೊಟ್ಟಿಯೊಳಗೆ ಇಡುವ ರಂಧ್ರಗಳುಳ್ಳ ಕಲ್ಲನ್ನು ‘ಲೈವ್ ರಾಕ್’ ಎನ್ನುತ್ತಾರೆ. ಅದಕ್ಕೆ ‘ಜೀವಂತ ಬಂಡೆ’ ಎಂಬ ಅನುವಾದ ಮಾತ್ರ ಬೇಡ: ಅದು ಬಂಡೆಯಷ್ಟು ದೊಡ್ಡದಲ್ಲ, ಕಲ್ಲಿಗೆ ಜೀವವೂ ಇಲ್ಲ, ಜೀವವಿರುವುದು ಅದರ ರಂಧ್ರಗಳಲ್ಲಿ. ‘ಜೀವಿಗಲ್ಲು’ ಆಗಬಹುದೇ?

ಕೊನೆಯದಾಗಿ, ಅಡಿತೊಟ್ಟಿಯ ಒಂದು ಅಂಕಣದಲ್ಲಿ ದೀಪ ಹಾಕಿ ಕಡಲಪಾಚಿ ಬೆಳೆಸುತ್ತಾರೆ. ಅದು ನೈಟ್ರೇಟ್ ಮತ್ತು ಫಾಸ್ಫೇಟ್ ಹೀರಿ ಬೆಳೆಯುತ್ತದೆ, ಬೆಳೆದದ್ದನ್ನು ಕಿತ್ತು ತೆಗೆದಾಗ ಅವು ತೊಟ್ಟಿಯಿಂದ ಹೊರಹೋಗುತ್ತವೆ. ಕೀಳುವುದಕ್ಕೆ ‘ಪಾಚಿ ಕೊಯ್ಲು’ ಎಂದಿದ್ದೇನೆ. ಆ ಅಂಕಣವನ್ನು ಇಂಗ್ಲಿಷಿನಲ್ಲಿ ‘ರೆಫ್ಯೂಜಿಯಂ’ ಎನ್ನುತ್ತಾರೆ, ಮೀನಿನ ಬಾಯಿಗೆ ಸಿಗದೆ ಸಣ್ಣ ಜೀವಿಗಳು ಬದುಕುವ ತಾವು ಎಂಬ ಅರ್ಥದಲ್ಲಿ. ‘ಆಸರೆ ಅಂಕಣ’, ‘ಪಾಚಿ ಅಂಕಣ’ ಎರಡನ್ನೂ ಬರೆದು ನೋಡಿದೆ. ಮೊದಲನೆಯದರಲ್ಲಿ ಪಾಚಿಯಿಲ್ಲ, ಎರಡನೆಯದರಲ್ಲಿ ಜೀವಿಗಳಿಲ್ಲ. ಎರಡನ್ನೂ ಹಿಡಿಯುವ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ.