ಸಹಾಯ ಬೇಕು: ಹದಿಹರೆಯದವರ ಹೃದಯದ ಆರೋಗ್ಯದ ಸಮೀಕ್ಷೆಗೆ ಎಷ್ಟು ಶಾಲೆ, ಎಷ್ಟು ಮಕ್ಕಳು?

ಎಲ್ಲರಿಗೂ ನಮಸ್ಕಾರ. 10ರಿಂದ 19 ವರ್ಷದವರ ಬಿಪಿ, ತೂಕ, ಸೊಂಟದ ಸುತ್ತಳತೆ, ತಂಬಾಕು ಅಭ್ಯಾಸ ನೋಡುವ ಸಮೀಕ್ಷೆಗೆ ಸ್ಯಾಂಪಲ್ ಯೋಜನೆ ಮಾಡುತ್ತಿದ್ದೇನೆ. ಸಂಖ್ಯಾಶಾಸ್ತ್ರ ಬಲ್ಲವರು ಸ್ವಲ್ಪ ನೋಡಿ.

ಬಿಪಿ ಜಾಸ್ತಿ ಇರುವವರು ಶೇ 10 ಅಂತ ಊಹಿಸಿಕೊಂಡೆ. ಆಚೀಚೆ ಶೇ 3, ವಿಶ್ವಾಸ ಮಟ್ಟ ಶೇ 95. ಲೆಕ್ಕ ಹಾಕಿದರೆ 385 ಮಕ್ಕಳು ಸಾಕು. ಆದರೆ ಅದು ಚೀಟಿ ಎತ್ತಿದ ಹಾಗೆ ಒಬ್ಬೊಬ್ಬರನ್ನೇ ಆರಿಸಿದರೆ ಮಾತ್ರ. ನಾನು ಮೊದಲು ಶಾಲೆ ಆರಿಸಿ, ಆಮೇಲೆ ಅಲ್ಲಿಂದ ಮಕ್ಕಳನ್ನು ಆರಿಸಬೇಕು. ಒಂದೇ ಶಾಲೆಯ ಮಕ್ಕಳು ಎಷ್ಟೋ ವಿಷಯದಲ್ಲಿ ಒಂದೇ ಥರ ಇರುತ್ತಾರೆ, ಅಲ್ವಾ? ಆ ಹೋಲಿಕೆ (0 ಅಂದರೆ ಇಲ್ಲವೇ ಇಲ್ಲ, 1 ಅಂದರೆ ಪೂರ್ತಿ) 0.02 ಅಂತ ಇಟ್ಟುಕೊಂಡು ಶಾಲೆಗೆ 30 ಮಕ್ಕಳನ್ನು ತೆಗೆದುಕೊಂಡರೆ ಡಿಸೈನ್ ಎಫೆಕ್ಟ್, ಅಂದರೆ ಸ್ಯಾಂಪಲ್ ಎಷ್ಟು ಪಟ್ಟು ದೊಡ್ಡದಾಗಬೇಕು ಅನ್ನುವ ಲೆಕ್ಕ, 1.58. ಅಂದರೆ ಸುಮಾರು 610 ಮಕ್ಕಳು, 21 ಶಾಲೆ. ಶಾಲೆಗೆ 10 ಮಕ್ಕಳಾದರೆ 455 ಸಾಕು, ಆದರೆ 46 ಶಾಲೆ ಸುತ್ತಬೇಕು! ತಂಬಾಕಿನ ವಿಷಯದಲ್ಲಿ ಗೆಳೆಯರ ಪ್ರಭಾವ ಇರುವುದರಿಂದ 0.02 ಕಡಿಮೆಯಾಯಿತೇನೋ ಅನ್ನಿಸುತ್ತಿದೆ. ನೀವು ಎಷ್ಟು ಇಟ್ಟುಕೊಳ್ಳುತ್ತೀರಿ?

ಇನ್ನೊಂದು ತಲೆನೋವು ವಯಸ್ಸು. 13ಕ್ಕಿಂತ ಚಿಕ್ಕವರ ಬಿಪಿಯನ್ನು ವಯಸ್ಸು, ಲಿಂಗ, ಎತ್ತರ ನೋಡಿ ಪರ್ಸೆಂಟೈಲ್‌ನಲ್ಲಿ (ಅಂಥದೇ ನೂರು ಮಕ್ಕಳಲ್ಲಿ ಎಷ್ಟನೇ ಸ್ಥಾನ ಅಂತ) ಅಳೆಯಬೇಕು. 13 ಮತ್ತು ಅದಕ್ಕಿಂತ ಮೇಲಿನವರಿಗೆ ಬಿಪಿ ಜಾಸ್ತಿ ಅನ್ನಲು 130/80 ಗಡಿ. ಹಾಗಾಗಿ ಎರಡು ಗುಂಪು ಮಾಡಿ ಬೇರೆ ಬೇರೆಯಾಗಿ ಸ್ಯಾಂಪಲ್ ತೆಗೆಯುವುದು ವಾಸಿಯೇ? ಸುಮ್ನೆ ಒಟ್ಟಿಗೆ ತೆಗೆದು ಆಮೇಲೆ ವಿಂಗಡಿಸಿದರೆ ಚಿಕ್ಕವರ ಸಂಖ್ಯೆ ಸಾಲದೇ ಹೋಗಬಹುದು.

ಶಾಲೆ ಬಿಟ್ಟ ಮಕ್ಕಳು ಪಟ್ಟಿಯಲ್ಲೇ ಇಲ್ಲ. ಅವರನ್ನು ಬಿಟ್ಟರೆ ಫಲಿತಾಂಶ ವಾಲುತ್ತದೆ. ಅವರಿಗಾಗಿ ಮನೆ ಮನೆ ಪಟ್ಟಿ ಮಾಡಿ ಸ್ಯಾಂಪಲ್ ತೆಗೆದವರು ಯಾರಾದರೂ ಇದ್ದೀರಾ? ಶಾಲೆ, ಮನೆ ಎರಡೂ ಕಡೆಯ ಸ್ಯಾಂಪಲ್ ತೂಕಗಳನ್ನು (ಒಬ್ಬೊಬ್ಬರು ಎಷ್ಟು ಮಕ್ಕಳ ಪರವಾಗಿ ಲೆಕ್ಕ ಅನ್ನುವ ಸಂಖ್ಯೆ) ಹೇಗೆ ಸೇರಿಸಿದಿರಿ?