ಫ್ರೆಂಚ್ ಬಾರದ ಮೂವರು ವಿದ್ಯಾರ್ಥಿಗಳಿಗೆ ಮಾಂಟ್ರಿಯಲ್: ಹೋಗುವ ಮುಂಚೆ ಏನು ಗೊತ್ತಿರಬೇಕು?

ಕೇಳಿದ್ದು: ಟೊರಾಂಟೊದಲ್ಲಿ ಓದುತ್ತಿದ್ದೇನೆ. ಇಬ್ಬರು ಗೆಳೆಯರ ಜತೆ ಶುಕ್ರವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿ ವಾಪಸ್. ಇಂಗ್ಲಿಷ್ ಬರುತ್ತದೆ, ಫ್ರೆಂಚ್ ಒಂದಕ್ಷರವೂ ಬಾರದು. ಮೂವರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ದುಡ್ಡು ಲೆಕ್ಕ ಹಾಕಿಯೇ ಖರ್ಚು ಮಾಡಬೇಕು. ಬಲ್ಲವರು ತಿಳಿಸಿ.

—

ಊರ ನಡುಭಾಗದಲ್ಲಿ ಇಂಗ್ಲಿಷಿನಲ್ಲೇ ದಿನ ನಡೆಯುತ್ತದೆ, ಆ ಹೆದರಿಕೆ ಬೇಡ. ಆದರೆ ಅಂಗಡಿಯೊಳಗೆ ಹೋದ ಕೂಡಲೇ ಇಂಗ್ಲಿಷ್ ಶುರು ಮಾಡಬೇಡಿ. ಮೊದಲು 'ಬೊಂಜೂರ್' ಅನ್ನಿ, ಅವರು ಮರುನುಡಿದ ಮೇಲೆ ನಿಮ್ಮ ಮಾತು. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ 1977ರ ಭಾಷಾ ಕಾನೂನಿನಿಂದ ಈಚೆಗೆ ಫ್ರೆಂಚ್ ಅಲ್ಲಿನ ಬೀದಿ, ಬೋರ್ಡು, ಕೆಲಸದ ಭಾಷೆ. ಬೆಂಗಳೂರಿಗೆ ಬಂದವರು 'ನಮಸ್ಕಾರ' ಅಂದಾಗ ನಮ್ಮ ಮುಖ ಹೇಗೆ ಅರಳುತ್ತದೋ, ಅಲ್ಲಿಯೂ ಹಾಗೆಯೇ.

ಬಾಯಲ್ಲಿ ಹೇಳುವ ಬೆಲೆ ಮೋಸ ಮಾಡುತ್ತದೆ. ನಮ್ಮಲ್ಲಿ ಎಪ್ಪತ್ತೈದು ಅಂದರೆ ಎಪ್ಪತ್ತು, ಐದು. ಅವರಿಗೆ 75 ಅಂದರೆ 'ಅರವತ್ತು-ಹದಿನೈದು', 95 ಅಂದರೆ 'ನಾಲ್ಕು ಇಪ್ಪತ್ತು-ಹದಿನೈದು'. 'ಸ್ವಾಸಾಂತ್' (ಅರವತ್ತು) ಕೇಳಿದೊಡನೆ ಬೆಲೆ ಅಷ್ಟೇ ಎಂದುಕೊಂಡರೆ ತಪ್ಪುತ್ತೀರಿ. ಬಿಲ್ ಯಂತ್ರದ ಪರದೆ ತೋರಿಸಲು ಕೇಳಿ. ಬೋರ್ಡಿನಲ್ಲಿ 12,50 ಎಂದು ಅಲ್ಪವಿರಾಮ ಹಾಕಿರುತ್ತಾರೆ. ಅದು ಹನ್ನೆರಡೂವರೆ ಡಾಲರ್.

—

ಮೆಟ್ರೊ ಬಗ್ಗೆ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲೇ.

ರೈಲಿನಲ್ಲಿ ಬಂದರೆ ಗಾರ್ ಸಾಂತ್ರಾಲ್‌ನಲ್ಲಿ ಇಳಿಯುತ್ತೀರಿ, ಅಲ್ಲಿಂದ ಬೊನಾವೆಂಚರ್ ಮೆಟ್ರೊಗೆ ಒಳದಾರಿಯಿದೆ. ಊರ ಬಸ್ ನಿಲ್ದಾಣ ಬೆರ್ರಿ-ಯೂಕಾಮ್ ಮೆಟ್ರೊಗೆ ಅಂಟಿಕೊಂಡಿದೆ. ಟಿಕೆಟ್ ಯಂತ್ರದಲ್ಲಿ ಇಂಗ್ಲಿಷ್ ಇದೆ. ನಿಮಗೆ ಹೇಳಿ ಮಾಡಿಸಿದ್ದು ವಾರಾಂತ್ಯದ ಪಾಸ್: ಶುಕ್ರವಾರ ಸಂಜೆ 4ರಿಂದ ಸೋಮವಾರ ಬೆಳಗ್ಗೆ 5ರವರೆಗೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಒಂದು ಪಾಸನ್ನು ಮೂವರು ಹಂಚಿಕೊಳ್ಳುವಂತಿಲ್ಲ, ತಲೆಗೊಂದು ಬೇಕು.

ಒಂದು ಪ್ರಯಾಣದ ಟಿಕೆಟ್ 120 ನಿಮಿಷ ನಡೆಯುತ್ತದೆ, ಮೆಟ್ರೊದಿಂದ ಬಸ್ಸಿಗೆ ಬದಲಾಯಿಸಬಹುದು. ಆದರೆ ಮೆಟ್ರೊದಿಂದ ಹೊರಬಂದು ಅದೇ ಟಿಕೆಟ್ಟಿನಲ್ಲಿ ಮತ್ತೆ ಮೆಟ್ರೊ ಹತ್ತಲಾಗದು. ಕಾಫಿ ಕುಡಿಯಲೆಂದು ಐದು ನಿಮಿಷ ಮೇಲೆ ಬಂದರೂ ಹೊಸ ಟಿಕೆಟ್ಟೇ. ಇಳಿಯುವವರೆಗೂ ಕೈಯಲ್ಲಿರಲಿ, ತಪಾಸಣೆ ಇರುತ್ತದೆ. ಬಸ್ಸಿನಲ್ಲಿ ನಗದು ಕೊಡುವುದಾದರೆ ಸರಿಯಾದ ಚಿಲ್ಲರೆ ನಾಣ್ಯವೇ ಬೇಕು. ನೋಟು ತೆಗೆದುಕೊಳ್ಳುವುದಿಲ್ಲ, ಬಾಕಿಯೂ ಕೊಡುವುದಿಲ್ಲ.

ಬಾಡಿಗೆ ಕಮ್ಮಿ ಎಂದು ಲವಾಲ್ ಅಥವಾ ಲಾಂಗೇಯಿನಲ್ಲಿ ರೂಮು ಹಿಡಿಯುವ ಮುಂಚೆ ಲೆಕ್ಕ ಹಾಕಿ. ಅವು ಮಾಂಟ್ರಿಯಲ್ ದ್ವೀಪದ ಆಚೆಗಿವೆ, ಟಿಕೆಟ್ ಲೆಕ್ಕದಲ್ಲಿ ವಲಯ ಬಿ. ಊರೊಳಗಿನ ಎ ವಲಯದ ಟಿಕೆಟ್ ಅಲ್ಲಿಗೆ ಸಾಲದು, ದುಬಾರಿ ಎಬಿ ಟಿಕೆಟ್ಟೇ ಬೇಕು. ರೂಮಿನಲ್ಲಿ ಉಳಿಸಿದ್ದು ಓಡಾಟಕ್ಕೆ ಹೋಗುತ್ತದೆ.

ದಿಕ್ಕನ್ನು ಕೊನೆಯ ನಿಲ್ದಾಣದ ಹೆಸರಿನಿಂದ ಹೇಳುತ್ತಾರೆ. ಕಿತ್ತಳೆ ಮಾರ್ಗ ಲಾಳದ ಆಕಾರದಲ್ಲಿದೆ, ಅದರ ಎರಡೂ ತುದಿ, ಕೋತ್-ವೆರ್ತ್ಯು ಮತ್ತು ಮೊಂಮೊರಾನ್ಸಿ, ಉತ್ತರಕ್ಕೇ ಇವೆ. ಹಾಗಾಗಿ 'ಉತ್ತರಕ್ಕೆ ಹೋಗುವ ರೈಲು' ಎಂದು ಕೇಳಿದರೆ ಉಪಯೋಗವಿಲ್ಲ. ಹಸಿರಿನಲ್ಲಿ ಆಂಗ್ರಿನ್ಯೊಂ, ಒನೊರೆ-ಬೊಗ್ರಾಂ. ಹೊರದಾರಿ 'ಸೊರ್ತಿ'. ನಿಲ್ದಾಣದ ಬಾಗಿಲುಗಳು ಗಾಳಿಗೆ ಬಲು ಭಾರ. 'ಪುಸೇ' ಅಂದರೆ ನೂಕಿ, 'ತಿರೇ' ಅಂದರೆ ಎಳೆಯಿರಿ. ನಮ್ಮ 'ತೆರೆ' ನೆನಪಿಟ್ಟುಕೊಳ್ಳಿ: ತನ್ನತ್ತ ಎಳೆದು ತೆರೆ.

—

ಮೇಲಿನದಕ್ಕೆ ಒಂದು ಸೇರಿಸಬೇಕು: ವಿಳಾಸ. ಸೇಂಟ್-ಲಾರೆಂಟ್ ಬುಲ್ವಾರ್ ಎಂಬ ಬೀದಿ ಊರನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ಸೀಳುತ್ತದೆ, ಮನೆ ಸಂಖ್ಯೆ ಅಲ್ಲಿಂದ ಎರಡೂ ಕಡೆಗೆ ಏರುತ್ತದೆ. ಶೆರ್‌ಬ್ರೂಕ್‌ನಂಥ ಉದ್ದ ಬೀದಿಯಲ್ಲಿ ಒಂದೇ ಸಂಖ್ಯೆ ಎರಡು ಕಡೆ ಸಿಗುತ್ತದೆ, ನಡುವೆ ಕಿಲೋಮೀಟರುಗಟ್ಟಲೆ ದೂರ. ಪೂರ್ವ 'ಎಸ್ತ್', ಪಶ್ಚಿಮ 'ವೆಸ್ತ್'. ಫ್ರೆಂಚಿನಲ್ಲಿ ಪಶ್ಚಿಮ ಶುರುವಾಗುವುದು 'ಓ' ಅಕ್ಷರದಿಂದ, ಬೋರ್ಡಿನಲ್ಲಿ ಅದೊಂದೇ ಇದ್ದರೆ ಸೊನ್ನೆಯಂತೆ ಕಾಣುತ್ತದೆ. ಫೋನಿಗೆ ವಿಳಾಸ ಹಾಕುವಾಗ ಅದನ್ನು ಬಿಡಬೇಡಿ.

—

ಊಟದ ವಿಷಯ. ಪೂಟೀನ್ ಅಂದರೆ ಆಲೂ ಫ್ರೈಸ್, ಚೀಸ್ ತುಂಡು, ಮೇಲೆ ಬಿಸಿ ಸಾರು. ಆ ಸಾರು ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನದು. 'ಸೋಸ್ ವೆಜಿ' ಇದೆಯೇ ಎಂದು ಕೇಳದೆ ಕೊಳ್ಳಬೇಡಿ. ಈರುಳ್ಳಿ ಸೂಪಿಗೆ ದನದ ಮಾಂಸದ ಸಾರು, ಬಟಾಣಿ ಸೂಪಿಗೆ ಹ್ಯಾಮ್. 'ಫೆವ್ ಓ ಲಾರ್' ಎಂಬ ಹುರುಳಿಕಾಯಿ ಬೀಜದ ಪಲ್ಯದಂಥ ತಿನಿಸಿಗೆ ಹಂದಿ ಕೊಬ್ಬು. ಜೇನು ಬೆರೆಸಿದ ನೀರಿನಲ್ಲಿ ಕುದಿಸಿ ಸೌದೆ ಒಲೆಯಲ್ಲಿ ಸುಡುವ ಅಲ್ಲಿನ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ ಹೆಸರುವಾಸಿ, ಆದರೆ ಹಿಟ್ಟಿಗೆ ಮೊಟ್ಟೆ ಹಾಕುವ ರೂಢಿಯಿದೆ. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮೊಟ್ಟೆ ಬಂದೇ ಬರುತ್ತದೆ. ಒಂದು ಮೊಟ್ಟೆಗೆ 'ಅಫ್', ಬಹುವಚನದಲ್ಲಿ 'ಫ್' ಉಚ್ಚಾರವೇ ಇಲ್ಲ, ಬಾಯಲ್ಲಿ ಹೇಳಿ ಗೆಲ್ಲುವುದು ಕಷ್ಟ. 'ಮಾಂಸ, ಮೀನು, ಮೊಟ್ಟೆ ಬೇಡ. ಮಾಂಸದ ಸಾರೂ ಬೇಡ' ಎಂಬುದನ್ನು ಫ್ರೆಂಚಿನಲ್ಲಿ ಫೋನಿನಲ್ಲಿ ಬರೆದಿಟ್ಟು ತೋರಿಸಿ.

ನೀಲಿ ಮಾರ್ಗದ ಪಾರ್ಕ್ ಅಥವಾ ಅಕಾಡಿಯಲ್ಲಿ ಇಳಿದರೆ ಪಾರ್ಕ್-ಎಕ್ಸ್‌ಟೆನ್ಶನ್ ಎಂಬ ಬಡಾವಣೆ. ಜಾಂ-ತಲೋಂ ಬೀದಿಯ ಪಶ್ಚಿಮ ಭಾಗದಲ್ಲಿ ದೋಸೆ, ಥಾಲಿ, ನಮ್ಮ ಕಡೆಯ ದಿನಸಿ ಎಲ್ಲವೂ ಸಿಗುತ್ತದೆ. ಊಟದ ಹೊತ್ತಿನ ಹೆಸರುಗಳೂ ಫ್ರಾನ್ಸಿನಂತಿಲ್ಲ: 'ದೆಜುನೇ' ತಿಂಡಿ, 'ದಿನೇ' ಮಧ್ಯಾಹ್ನದ ಊಟ, 'ಸುಪೇ' ರಾತ್ರಿಯದು. ಆ್ಯಪಿನಲ್ಲಿ ಫ್ರಾನ್ಸಿನ ಫ್ರೆಂಚ್ ಕಲಿತವರು 'ದಿನೇ'ಗೆ ಜಾಗ ಕಾದಿರಿಸಿ ರಾತ್ರಿ ಹೋಗುತ್ತಾರೆ.

—

ಬಿಲ್ಲು: ಮೆನುವಿನ ಬೆಲೆಗೆ ತೆರಿಗೆ ಸೇರಿರುವುದಿಲ್ಲ. ಕೇಂದ್ರದ್ದು 5%, ಕ್ವಿಬೆಕ್‌ನದ್ದು 9.975%. 20 ಡಾಲರಿನ ಊಟ 23 ಆಗುತ್ತದೆ, ಬಡಿಸುವ ಕಡೆ 15% ಟಿಪ್ ಸೇರಿದರೆ 26. ಎರಡೂ ತೆರಿಗೆ ಕೂಡಿದರೆ ಹೆಚ್ಚುಕಮ್ಮಿ 15%, ಹಾಗಾಗಿ ತೆರಿಗೆಯಷ್ಟೇ ಟಿಪ್ ಎಂದು ಲೆಕ್ಕ ಹಿಡಿದರೆ ಸಾಕು. ಕೌಂಟರಿನಲ್ಲಿ ನಿಂತು ಕೊಳ್ಳುವ ಕಡೆ ಟಿಪ್ ಕೊಡಲೇಬೇಕೆಂದಿಲ್ಲ. ಬೇರೆ ಬೇರೆ ಬಿಲ್ಲು ಬೇಕಿದ್ದರೆ ಆರ್ಡರ್ ಕೊಡುವಾಗಲೇ ಹೇಳಿ. ಮೆನುವಿನಲ್ಲಿ 'ಆಂತ್ರೇ' ಅಂದರೆ ಮುಖ್ಯ ಊಟವಲ್ಲ, ಮೊದಲು ಬರುವ ಚಿಕ್ಕ ತಟ್ಟೆ. ಟೊರಾಂಟೊದ ಅಭ್ಯಾಸದಲ್ಲಿ ಅದೊಂದನ್ನೇ ತರಿಸಿದರೆ ಹೊಟ್ಟೆ ತುಂಬದು.

—

ದುಡ್ಡಿಲ್ಲದೆ ನೋಡುವಂಥದ್ದು ಮೌಂಟ್ ರಾಯಲ್ ಗುಡ್ಡ. ಪೀಲ್ ಮೆಟ್ರೊದಿಂದ ನಡೆದೇ ಹತ್ತಬಹುದು, ಮೇಲಿಂದ ಇಡೀ ಊರು ಕಾಣುತ್ತದೆ. ಸೇಂಟ್ ಜೋಸೆಫ್ ಒರಟರಿ ಎಂಬ ದೊಡ್ಡ ಚರ್ಚಿನ 283 ಮೆಟ್ಟಿಲುಗಳಲ್ಲಿ 99 ಮರದವು ಮಂಡಿಯೂರಿ ಹತ್ತುವ ಯಾತ್ರಿಕರಿಗೆ ಮೀಸಲು. ಅವುಗಳ ಮೇಲೆ ಕಾಲಿಡದೆ ಪಕ್ಕದ ಮೆಟ್ಟಿಲಲ್ಲಿ ಹೋಗಿ.

ಮಾತ್ರೆ ಬೇಕಾದರೆ 'ಫಾರ್ಮಾಪ್ರಿ' ಹುಡುಕಿ, ನಿಮ್ಮೂರಿನ ಶಾಪರ್ಸ್ ಡ್ರಗ್ ಮಾರ್ಟ್‌ಗೆ ಅಲ್ಲಿ ಅದೇ ಹೆಸರು. ತುರ್ತಿಗೆ 911, ನರ್ಸ್ ಸಲಹೆಗೆ 811. ಕ್ಲಿನಿಕ್ಕಿನಲ್ಲಿ ಕೈಯಿಂದ ಕೊಡಬೇಕಾಗಿ ಬಂದರೆ ರಸೀದಿ ಕೇಳಿ ಪಡೆಯಿರಿ, ವಿಮೆಯವರು ಅದನ್ನೇ ಕೇಳುತ್ತಾರೆ. ಅಮೆರಿಕದ ಗಡಿ ಹತ್ತಿರವೇ ಇದೆ ಎಂದು ವರ್ಮಾಂಟ್ ಕಡೆಗೆ ತಿರುಗುವ ಯೋಚನೆ ಮಾತ್ರ ಅಮೆರಿಕದ ವೀಸಾ ಇಲ್ಲದೆ ಮಾಡಬೇಡಿ.