ಗಾಳಿ ಬರುವ ರಾತ್ರಿ ಚಾವಡಿಯಲ್ಲಿ ಮಲಗುವುದೋ, ಒಳಕೋಣೆಯಲ್ಲೋ?

ಬಾಯಾರಿನವಳು:
ನಾಳೆ ರಾತ್ರಿ ಚಂಡಮಾರುತದ ಗಾಳಿ ಜೋರಾಗಬಹುದು ಎಂದು ಮೊಬೈಲಿಗೆ ಸಂದೇಶ ಬಂದಿದೆ. ನಮ್ಮ ಕಾಸರಗೋಡು ಜಿಲ್ಲೆಗೆ ಆರೆಂಜ್ ಅಲರ್ಟ್. ಸಂದೇಶ ಮಲಯಾಳದಲ್ಲಿ, ಅತ್ತೆಗೆ ನಾನೇ ಓದಿ ಹೇಳಬೇಕು. ಹೇಳಿದರೂ "ಅದು ಗುಜರಾತಿಗೆ ಹೋಗುವುದಂತೆ, ಟಿವಿಯಲ್ಲಿ ಹೇಳಿದ್ದಾರೆ" ಎಂದು ಹಲಸಿನ ಹಪ್ಪಳ ಒತ್ತುತ್ತಾ ಕೂತಿದ್ದಾರೆ. ಬಿಸಿಲೇ ಇಲ್ಲ, ಅದನ್ನು ಒಣಗಿಸುವುದೆಲ್ಲಿ!

ನಮ್ಮದು ಹಂಚಿನ ಮನೆ. ಗಂಡ ದುಬೈಯಲ್ಲಿ. ಇಲ್ಲಿ ಅತ್ತೆ, ನಾನು, ಮಗು. ಚಾವಡಿ ಕಡೆಗೆ ವಾಲಿದ ಒಂದು ಹಳೇ ತೆಂಗು ಉಂಟು. ಒಳಕೋಣೆಗೆ ಹೋಗೋಣ ಎಂದರೆ ಅದರ ಬೆನ್ನಿಗೇ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಕಳೆದ ಮಳೆಗಾಲದಲ್ಲಿ ಸ್ವಲ್ಪ ಜರಿದಿತ್ತು. ಎಲ್ಲಿ ಮಲಗುವುದು? ಗುಜರಾತಿಗೆ ಹೋಗುವ ಗಾಳಿಗೆ ನಾವು ಇಷ್ಟು ಹೆದರಬೇಕಾ?

ಉಪ್ಪಳ_ಕಡಲಕರೆ:
2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪುಂಟಲ್ವಾ? ಅದೂ ಕಡಲಕರೆಗೆ ಬಡಿದದ್ದು ಗುಜರಾತಿನಲ್ಲೇ, 17ನೇ ತಾರೀಕಿಗೆ. ಅಷ್ಟರೊಳಗೆ ನಮ್ಮ ಮುಸೋಡಿಯಲ್ಲಿ ಕಡಲು ಕರೆಯನ್ನು ಕೊರೆದು ಮನೆಗಳವರೆಗೆ ಬಂದಾಗಿತ್ತು. ಮ್ಯಾಪಿನಲ್ಲಿ ತೋರಿಸುವ ಗೆರೆ ಚಂಡಮಾರುತದ ನಡುಭಾಗ ಹೋಗುವ ದಾರಿ ಮಾತ್ರ. ಗಾಳಿಮಳೆ ಅದರ ಆಚೆ ಈಚೆ ನೂರಾರು ಕಿಲೋಮೀಟರ್ ಇರುತ್ತದೆ.

ನಮ್ಮ ಕಡೆ ಅದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಹಾಗಾಗಿ ಪಡುವಣ ಕಡಲಲ್ಲಿ ಅದು ಹಾದುಹೋಗುವಾಗ ನಮಗೆ ಹೆಚ್ಚಾಗಿ ತೆಂಕಿನಿಂದಲೇ ಗಾಳಿ. ನಿಮ್ಮ ತೆಂಗು ಯಾವ ಬದಿ?

ಬಾಯಾರಿನವಳು:
ತೆಂಕು ಬದಿಯಲ್ಲೇ!

ಪೆರ್ಲದ ತೋಟದವ:
ಅಕ್ಕಾ, ಚಾವಡಿಯೂ ಬೇಡ, ಒಳಕೋಣೆಯೂ ಬೇಡ. ನನ್ನನ್ನು ಕೇಳಿದರೆ ತೆಂಗಿಗಿಂತ ಬರೆಯ ಹೆದರಿಕೆಯೇ ಜಾಸ್ತಿ. ಆರೆಂಜ್ ಎಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ. ಒಮ್ಮೆ ಜರಿದ ಮಣ್ಣು ಅಷ್ಟು ನೀರು ಕುಡಿದರೆ ನಿಲ್ಲುತ್ತದೆ ಎಂದು ನಂಬಬೇಡಿ. ಹತ್ತಿರ ತಾರಸಿ ಮನೆ ಯಾರದ್ದಾದರೂ ಉಂಟಾ? ಬೆಳಕಿರುವಾಗಲೇ ಹೋಗಿ. ಬರೆಯಲ್ಲಿ ಹೊಸ ಬಿರುಕೋ, ಕೆಸರು ನೀರು ಒಸರುವುದೋ ಕಂಡರೆ ನಾಳೆಯವರೆಗೂ ಕಾಯಬೇಡಿ. ಜಿಲ್ಲೆಯ ಕಂಟ್ರೋಲ್ ರೂಮಿಗೆ 1077.

ತೆಂಗಿನ ಕಾಯಿ, ಒಣಗಿದ ಮಡಲು ಇವತ್ತೇ ತೆಗೆಸಿ. ಗಾಳಿ ಎದ್ದ ಮೇಲೆ ಯಾರನ್ನೂ ಮರ ಹತ್ತಿಸಬೇಡಿ. ಟ್ಯಾಂಕಿಗೆ ಈಗಲೇ ನೀರು ತುಂಬಿಸಿ, ನಮ್ಮೂರಲ್ಲಿ ಗಾಳಿಯ ಸುದ್ದಿ ಕೇಳಿದರೇ ಕರೆಂಟು ಹೋಗುತ್ತದೆ.

ಬಾಯಾರಿನವಳು:
ಆಚೆ ಮನೆಯವರದು ತಾರಸಿ, ಬನ್ನಿ ಎಂದು ಅವರೇ ಕರೆದಿದ್ದಾರೆ. ಆದರೆ ದನ ಬಿಟ್ಟು ಬರುವುದಿಲ್ಲ ಎಂದು ಅತ್ತೆಯ ಹಟ. ಕೊಟ್ಟಿಗೆ ಇರುವುದೂ ಬರೆಯ ಬುಡದಲ್ಲೇ.

ಪೆರ್ಲದ ತೋಟದವ:
ದನವನ್ನೂ ಹೊಡೆದುಕೊಂಡು ಹೋಗಿ. ಅಲ್ಲಿ ಕಟ್ಟಲು ಜಾಗ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಟ್ಟುಬಿಡಿ. ಒಂದು ರಾತ್ರಿ ನೆನೆದರೆ ದನಕ್ಕೆ ಏನೂ ಆಗುವುದಿಲ್ಲ, ಕಟ್ಟಿಹಾಕಿದರೆ ಓಡಲಿಕ್ಕಾಗದು. ಅತ್ತೆಗೆ ಇದನ್ನೇ ಹೇಳಿ ನೋಡಿ.